ಒಂಟಿಗಣ್ಣಿನ ಮರಿಗಳು, ತುದಿ ಮುರಿದ ಸೂಜಿ

ಸಂಜೆ ಗಂಡು ಮೀನನ್ನೂ ಹೆಣ್ಣು ಮೀನನ್ನೂ ಒಂದೇ ಡಬ್ಬಿಗೆ ಬಿಟ್ಟು ನಡುವೆ ಪ್ಲಾಸ್ಟಿಕ್ ತಡೆ ಇಡಬೇಕು. ಬೆಳಿಗ್ಗೆ ಕೋಣೆಯ ದೀಪ ಹೊತ್ತಿದ ಮೇಲೆ ತಡೆ ತೆಗೆದರೆ, ಮೀನುಗಳ ಮರ್ಜಿ ಚೆನ್ನಾಗಿದ್ದರೆ, ಕಾಲು ಗಂಟೆಯೊಳಗೆ ತಳದಲ್ಲಿ ಮೊಟ್ಟೆ. ಆಮೇಲೆ ಭ್ರೂಣಕ್ಕೆ ಸೂಜಿ ಚುಚ್ಚಲು ನಮ್ಮ ಕೈಲಿರುವುದು ಮುಕ್ಕಾಲು ಗಂಟೆ ಮಾತ್ರ. ಅಷ್ಟರಲ್ಲಿ ಒಂದು ಜೀವಕೋಶ ಎರಡಾಗಿಬಿಡುತ್ತದೆ, ಮುಂದೆ ಸುಮಾರು 15 ನಿಮಿಷಕ್ಕೊಮ್ಮೆ ಇಬ್ಭಾಗ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಗೆ ಸೇರಿದ ಮೊದಲ ವರ್ಷ ನಾನು ತಿಂಡಿ ತಿಂದದ್ದೆಲ್ಲ ಹನ್ನೊಂದರ ಮೇಲೆಯೇ.

ಮೀನು ನಮ್ಮ ಕಡೆಯದೇ, ಜೀಬ್ರಾ ಮೀನು. ಅದನ್ನು ಗಂಗೆಯ ಸೀಮೆಯ ಮೀನುಗಳ ಜೊತೆ 1822ರಲ್ಲಿ ಮೊದಲು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬೆಳೆ, ಜಾತಿ, ಸಂತೆಗಳನ್ನೆಲ್ಲ ಬರೆದಿಟ್ಟ ಬುಕಾನನ್ ಅಂದರೆ ಇವನೇ, ಆಮೇಲೆ ಹೆಸರು ಬದಲಿಸಿಕೊಂಡ. ಈ ಮೀನನ್ನು ತಳಿಶಾಸ್ತ್ರದ ಮೇಜಿಗೆ ತಂದದ್ದು ಅಮೆರಿಕದ ಒರೆಗಾನ್‌ನ ಜಾರ್ಜ್ ಸ್ಟ್ರೈಸಿಂಗರ್. ಭ್ರೂಣ ಗಾಜಿನಂತೆ ಪಾರದರ್ಶಕ, ತಾಯಿಯ ಹೊರಗೇ ಬೆಳೆಯುತ್ತದೆ, ಒಂದೇ ದಿನದಲ್ಲಿ ಎದೆ ಬಡಿತ ಕಾಣುತ್ತದೆ. ಇನ್ನೇನು ಬೇಕು?

ನನಗೆ ಕೊಟ್ಟ ಕೆಲಸ ನೋಡಲ್ ಎಂಬ ಸಂಕೇತದ್ದು. ಮೊದಲ ಮೂರು ಗಂಟೆ ಭ್ರೂಣ ನಡೆಯುವುದು ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲಿ. ಕೋಶಗಳು ಸಾವಿರದ ಹತ್ತಿರ ಬಂದಾಗ ಭ್ರೂಣದ ಸ್ವಂತ ಜೀನ್‌ಗಳು ದೊಡ್ಡ ಪ್ರಮಾಣದಲ್ಲಿ ಎಚ್ಚರಗೊಳ್ಳುತ್ತವೆ. ಆಗ ಮೊಟ್ಟೆಯ ಹಳದಿಯ ಅಂಚಿನಿಂದ ಹೊರಡುವ ನೋಡಲ್ ಪ್ರೋಟೀನುಗಳು ಮೇಲಿನ ಕೋಶಗಳಿಗೆ ಹರಡುತ್ತವೆ. ಅಂಚಿಗೆ ಅಂಟಿಕೊಂಡು ಹೆಚ್ಚು ಸಂಕೇತ ಪಡೆದವು ಕರುಳಿನಂಥ ಅಂಗಗಳ ಒಳಪದರವಾಗುತ್ತವೆ, ಸ್ವಲ್ಪ ಮೇಲಿನವು ಸ್ನಾಯು, ರಕ್ತ, ಹೃದಯದ ಪದರ. ಏನೂ ತಲುಪದ ದೂರದವು ಚರ್ಮ, ಮಿದುಳು. ಲೆಫ್ಟಿ ಎಂಬ ಇನ್ನೊಂದು ಜೀನ್ ಈ ನೋಡಲ್‌ಗೆ ಕಡಿವಾಣ. ಹೆಚ್ಚುವರಿ ಲೆಫ್ಟಿ ಆರ್‌ಎನ್‌ಎಯನ್ನು, ಅಂದರೆ ಪ್ರೋಟೀನು ಮಾಡಿಸುವ ಆ ಜೀನಿನ ನಕಲನ್ನು, ಒಂಟಿಕೋಶದ ಭ್ರೂಣಕ್ಕೆ ಚುಚ್ಚಿದರೆ ನೋಡಲ್ ಬಾಯಿ ಮುಚ್ಚುತ್ತದೆ. ನಾನು ಮಾಡಬೇಕಾದದ್ದು ಇಷ್ಟೇ, ಚುಚ್ಚುವುದು.

ಮೊದಲ ಸಲ ಸುಮಾರು ನೂರು ಭ್ರೂಣಗಳಿಗೆ ಚುಚ್ಚಿ, ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು, 28.5 ಡಿಗ್ರಿಯಲ್ಲಿಟ್ಟು ಮನೆಗೆ ಹೋದೆ. ಮರುದಿನ ತಟ್ಟೆಯಲ್ಲಿ ಜಾತ್ರೆ. ಕೆಲವು ಸರಿಯಾಗಿದ್ದವು. ಕೆಲವಕ್ಕೆ ನಡುವೆ ಒಂದೇ ಕಣ್ಣು, ಉಳಿದದ್ದೆಲ್ಲ ಸರಿ, ಹೃದಯವೂ ಬಡಿಯುತ್ತಿತ್ತು. ಇನ್ನು ಕೆಲವಕ್ಕೆ ಬೆನ್ನುದಾರವೇ (ಬೆನ್ನೆಲುಬಿಗೆ ಮುಂಚೆ ಬರುವ ಆಧಾರದ ಕಡ್ಡಿ) ಇಲ್ಲ, ಹೃದಯವಿಲ್ಲ, ಮುಂಡದಲ್ಲಿ ಸ್ನಾಯುವಿನ ಕಟ್ಟುಗಳಿಲ್ಲ. ಒಂದೇ ಕೊಳವೆಯ ಆರ್‌ಎನ್‌ಎಯಿಂದ ಮೂರು ಬಗೆ! ಆರ್‌ಎನ್‌ಎ ಕೆಟ್ಟಿದೆ ಎಂದು ಹೊಸದಾಗಿ ತಯಾರಿಸಲು ಹೊರಟಿದ್ದೆ.

ನಮ್ಮ ಸೀನಿಯರ್ ಅಕ್ಕ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿ, "ಸೂಜಿ ತುದಿ ನಡುವೆ ಮುರೀತಾ?" ಅಂದರು.

"ಹೌದಕ್ಕ, ಸ್ವಲ್ಪ. ಚುಚ್ಚೋಕೆ ಸುಲಭ ಆಯ್ತು ಅಂತ ಹಾಗೇ ಮುಂದುವರಿಸಿದೆ."

"ಹನಿ ಅಳೆದ್ಯಾ?"

ಅಳೆದಿರಲಿಲ್ಲ. ಎಣ್ಣೆಯ ಮೇಲೆ ಒಂದು ಹನಿ ಬಿಟ್ಟು ಅದರ ವ್ಯಾಸ ನೋಡಬೇಕು. 0.12 ಮಿ.ಮೀ. ಇದ್ದರೆ ಅದು ಹೆಚ್ಚುಕಡಿಮೆ ಒಂದು ನ್ಯಾನೋಲೀಟರ್. ವ್ಯಾಸ ದುಪ್ಪಟ್ಟಾದರೆ ಗಾತ್ರ ಎಂಟು ಪಟ್ಟು. ಕಣ್ಣಿಗೆ ಹನಿ "ಕೊಂಚ ದೊಡ್ಡದು" ಅನ್ನಿಸಿದಾಗಲೇ ನಾನು ಹಲವು ಪಟ್ಟು ಲೆಫ್ಟಿ ಸುರಿಯುತ್ತಿದ್ದೆ. ತಟ್ಟೆಯಲ್ಲಿದ್ದದ್ದು ಮೂರು ಪ್ರಮಾಣಗಳ ಮೂರು ಉತ್ತರ. ಸಾಲು ಸಾಲಾಗಿ ಬೇರೆ ಇಟ್ಟಿದ್ದರೆ ಒಂದು ಒಳ್ಳೆಯ ಪ್ರಯೋಗವೇ ಆಗುತ್ತಿತ್ತು. ಕಲಸಿದ್ದರಿಂದ ಕಸದ ಬುಟ್ಟಿ ಸೇರಿತು.

ಮುಂದಿನ ವಾರದಿಂದ ಪ್ರತಿ ಸಾಲಿಗೂ ಹನಿ ಅಳೆದು, ಆರ್‌ಎನ್‌ಎಯನ್ನು ಹಂತ ಹಂತವಾಗಿ ತೆಳುಮಾಡಿ, ತಟ್ಟೆಗೆ ಪೆನ್ನಿನಲ್ಲಿ ಗುರುತು ಹಾಕಿ ಮಾಡಿದೆ. ಅರ್ಧದಷ್ಟು ಭ್ರೂಣಗಳನ್ನು ಆರು ಗಂಟೆಯ ವಯಸ್ಸಿಗೇ ತೆಗೆದು, ಯಾವ ಜೀನ್ ಎಲ್ಲಿ ಹೊತ್ತಿದೆಯೆಂದು ನೇರಳೆ ಬಣ್ಣದಲ್ಲಿ ತೋರಿಸುವ ವಿಧಾನಕ್ಕೆ ಹಾಕಿದೆ. ಮೊದಲ ಎರಡು ಬಾರಿ ಭ್ರೂಣವಿಡೀ ನೇರಳೆಹಣ್ಣಿನಂತಾಯಿತು, ಅದರ ಕಥೆ ಬೇಡ. ಮೂರನೇ ಬಾರಿ ಸರಿಬಂತು. ಕಡಿಮೆ ಲೆಫ್ಟಿ ಬಿದ್ದಲ್ಲಿ ಭ್ರೂಣದ ಅಂಚಿನಲ್ಲಿ ಹೊತ್ತುವ ನೋ-ಟೇಲ್ ಜೀನಿನ ಉಂಗುರ ಪೂರ್ತಿಯಿತ್ತು, ಬೆನ್ನಿನ ಕಡೆಯ ಗೂಸ್‌ಕಾಯ್ಡ್ ಜೀನಿನ ಮಚ್ಚೆ ಮಾತ್ರ ಚಿಕ್ಕದಾಗಿತ್ತು. ಹೆಚ್ಚು ಬಿದ್ದಲ್ಲಿ ಮಚ್ಚೆ ಮಾಯ, ಉಂಗುರವೂ ಒಂದು ಕಡೆ ಬಾಯಿಬಿಟ್ಟಿತ್ತು.

ಆ ಮಚ್ಚೆಗೂ ಕಣ್ಣಿಗೂ ಏನು ನಂಟು? ಹಣೆಯ ಕೆಳಗೆ ಹೋಗಿ ಕೂರುವ ಕೋಶಗಳು ಅಲ್ಲಿಂದಲೇ ಹೊರಡುತ್ತವೆ. ಮೊದಲು ಕಣ್ಣಿನ ಜಾಗ ನಡುವೆ ಒಂದೇ ಪಟ್ಟಿ. ಈ ಕೋಶಗಳು ಕೆಳಗಿನಿಂದ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಕಳಿಸಿದಾಗ ಪಟ್ಟಿ ಎರಡಾಗಿ ಸರಿಯುತ್ತದೆ. ಈ ಕೋಶಗಳಿಗೆ ನೋಡಲ್ ಜೋರಾಗಿಯೇ ಬೇಕು, ಆದ್ದರಿಂದ ಕೊರತೆಯಾದಾಗ ಮೊದಲು ಕೈಕೊಡುವುದು ಇವೇ. ಮೀನಿನ ನೋಡಲ್ ಜೀನ್‌ಗಳಲ್ಲಿ ಎರಡರ ಹೆಸರೂ ಹೀಗೇ: ಸ್ಕ್ವಿಂಟ್ ಅಂದರೆ ಮೆಳ್ಳೆಗಣ್ಣು, ಸೈಕ್ಲಾಪ್ಸ್ ಅಂದರೆ ಗ್ರೀಕರ ಒಕ್ಕಣ್ಣ ರಾಕ್ಷಸ. ಕೆಟ್ಟಾಗ ಏನಾಗುತ್ತದೋ ಅದನ್ನೇ ಜೀನಿಗೆ ಹೆಸರಿಡುವುದು ಈ ಕಸುಬಿನ ಚಾಳಿ.

ಕೋಶ ಲೆಕ್ಕ ಹಾಕುವುದು ಸಂಕೇತದ ಪ್ರಮಾಣವನ್ನೋ, ಅದು ಎಷ್ಟು ಹೊತ್ತು ಸಿಕ್ಕಿತೆಂಬುದನ್ನೋ ಎಂಬ ಜಗಳ ಈ ಕ್ಷೇತ್ರದಲ್ಲಿ ಹಳೆಯದು. ನನ್ನ ತಟ್ಟೆಗಳು ಅದನ್ನು ಬಗೆಹರಿಸಲಾರವು. ಲೆಫ್ಟಿ ಹೆಚ್ಚಾದರೆ ಪ್ರಮಾಣವೂ ಕುಗ್ಗುತ್ತದೆ, ಅವಧಿಯೂ ಕುಗ್ಗುತ್ತದೆ. ಅದಕ್ಕೆ, ನಮಗೆ ಬೇಕಾದ ಹೊತ್ತಿಗೆ, ಕೋಶದ ಮೇಲೆ ನೋಡಲನ್ನು ಹಿಡಿಯುವ ಗ್ರಾಹಕವನ್ನು ತಡೆಯುವ ಔಷಧಿ ಹಾಕಿ ನೋಡಬೇಕು. ಈಗ ಅದನ್ನೇ ಮಾಡುತ್ತಿದ್ದೇನೆ. ಅಲ್ಲಿ ಸೂಜಿ ಇಲ್ಲ, ಗಡಿಯಾರ ಮಾತ್ರ.

ಅಂದಹಾಗೆ, ಅತಿ ಹೆಚ್ಚು ಲೆಫ್ಟಿ ಬಿದ್ದ ಮರಿಗಳಲ್ಲೂ ಬಾಲದಲ್ಲಿ ಸ್ನಾಯುವಿನ ನಾಲ್ಕಾರು ಕಟ್ಟು ಉಳಿದೇ ಉಳಿದಿರುತ್ತವೆ. ಮೊದಮೊದಲು ಆ ಬಾಲ ಕಂಡು, ಚುಚ್ಚಿದ್ದು ಸರಿಯಾಗಿಲ್ಲ ಎಂದು ನಲವತ್ತು ಭ್ರೂಣ ಚೆಲ್ಲಿದ್ದೆ.