ಕೆಸರಿನ ದಾರಿಗೆ ಇಳಿಯುವ ಬೈಕಿನ ಚೈನ್: ನಾನು ನೋಡಿಕೊಳ್ಳುವ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗಳಲ್ಲಿ ಮಳೆಗಾಲದಲ್ಲಿ ಓಡುವ ಬೈಕಿನ ಚೈನನ್ನು ಹಾಳು ಮಾಡುವುದು ಹೆಚ್ಚಾಗಿ ಮಣ್ಣು ಕಲೆತ ಎಣ್ಣೆ. ಕೆಂಪು ಮಣ್ಣಿನ ಕಣ ಎಣ್ಣೆಗೆ ಅಂಟಿದರೆ ಚೈನಿನ ರೋಲರು, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಹಲ್ಲು ಎರಡನ್ನೂ ಅರೆಯುತ್ತದೆ. ಅದರ ಮೇಲೇ ಇನ್ನಷ್ಟು ಎಣ್ಣೆ ಸುರಿದರೆ ಇನ್ನಷ್ಟು ಮಣ್ಣು ಹಿಡಿಯುತ್ತದೆ, ಅಷ್ಟೇ. ಹಾಗಾಗಿ ನಾನು ಎಣ್ಣೆ ಹಾಕುವುದಕ್ಕಿಂತ ಒರೆಸುವುದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ಕೆಸರಲ್ಲಿ ಓಡಿಸಿ ಬಂದ ದಿನವೇ ತೊಳೆಯಬೇಕು. ಮೊದಲು ಸಾಧಾರಣ ಪೈಪಿನ ನೀರು. ಪ್ರೆಶರ್ ವಾಷರನ್ನು ಹತ್ತಿರದಿಂದ ಚೈನಿಗೆ ಹಿಡಿಯಬೇಡಿ. ಓ-ರಿಂಗ್, ಎಕ್ಸ್-ರಿಂಗ್ ಚೈನುಗಳಲ್ಲಿ ಪಿನ್ನಿಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಆ ರಬ್ಬರ್ ರಿಂಗುಗಳಿಂದ ಮುಚ್ಚಿರುತ್ತಾರೆ. ನೀರು ರಿಂಗ್ ದಾಟಿ ಒಳಹೊಕ್ಕರೆ ಹೋದ ಗ್ರೀಸನ್ನು ಮತ್ತೆ ತುಂಬಲಾಗದು. ಆಮೇಲೆ ನೈಲಾನ್ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ನಾಲ್ಕೂ ಬದಿ ಉಜ್ಜಿ, ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸುತ್ತೇನೆ. ಪೆಟ್ರೋಲ್ ಬೇಡ, ರಬ್ಬರ್ ಕೆಡುತ್ತದೆ. ತಂತಿ ಬ್ರಷ್ ರಿಂಗನ್ನು ಹರಿಯುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿಯುವ ಅಭ್ಯಾಸದಲ್ಲಿ ಬೆರಳು ಕಳೆದುಕೊಂಡವರಿದ್ದಾರೆ.

ಒಣಗಿದ ಮೇಲೆ 90ರ ಗೇರ್ ಆಯಿಲ್, ಒಟ್ಟು 10ರಿಂದ 15 ಮಿಲಿ ಸಾಕು. ಕೆಳಗಿನ ಸಾಲಿನ ಒಳಮೈಗೆ ಹನಿಸಿದರೆ ಚೈನ್ ತಿರುಗುವಾಗ ಎಣ್ಣೆ ತಾನೇ ಹೊರಕ್ಕೆ ಹರಡುತ್ತದೆ. ಅರ್ಧ ಗಂಟೆ ಬಿಟ್ಟು ಹೊರಮೈಯನ್ನು ಚೆನ್ನಾಗಿ ಒರೆಸಿಬಿಡಿ. ಚಿತ್ರದುರ್ಗ, ಬಳ್ಳಾರಿಯಂಥ ಒಣ ಧೂಳಿನ ಕಡೆ ಓಡಿಸುವುದಾದರೆ ಮೇಣದ ಬಗೆಯ ಸ್ಪ್ರೇ ಒಳ್ಳೆಯದು, ಧೂಳು ಕಡಿಮೆ ಅಂಟುತ್ತದೆ. ಡಬ್ಲ್ಯೂಡಿ-40 ನೀರು ಓಡಿಸಲು ಸರಿ, ಆದರೆ ತೀರಾ ತೆಳು. ಅದನ್ನೇ ನಂಬಿ ಹೊರಡಬಾರದು.

ಇನ್ನು ಚೈನಿನ ಸಡಿಲ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಕೆಸರು ದಾರಿಗೆಂದೇ ಮಾಡಿದ ಬೈಕುಗಳಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಬಹಳ ಆಡುತ್ತದೆ: ಹಿಮಾಲಯನ್ 411ರ ಹಿಂದಿನ ಸಸ್ಪೆನ್ಷನ್ 180 ಮಿ.ಮೀ., ಎಕ್ಸ್‌ಪಲ್ಸ್ 200ರದು 170 ಮಿ.ಮೀ. ಚಕ್ರ ಮೇಲೇರಿ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳು) ಪಿವಟ್, ಅಂದರೆ ಅದು ತಿರುಗುವ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಪೇಟೆ ಬೈಕಿನ ಲೆಕ್ಕದಲ್ಲಿ 20 ಮಿ.ಮೀ. ಸಡಿಲ (ಕೆಳಗಿನ ಸಾಲಿನ ನಡುವೆ ಚೈನ್ ಮೇಲೆ ಕೆಳಗೆ ಆಡುವಷ್ಟು) ಬಿಟ್ಟು ಬಿಗಿದರೆ ಹಳ್ಳಕ್ಕೆ ಧುಮುಕಿದಾಗ ಆ ಎಳೆತವೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗಿನ ಮೇಲೆ ಬೀಳುತ್ತದೆ. ಮೊದಲು ಆಯಿಲ್ ಸೀಲ್ ಸೋರುತ್ತದೆ, ಕೊನೆಗೆ ಚೈನೇ ಹರಿದು ಕ್ರ್ಯಾಂಕ್‌ಕೇಸಿಗೆ ಬಡಿಯಬಹುದು. ಮ್ಯಾನ್ಯುಯಲ್ಲಿನ ಅಳತೆ ಹಿಡಿಯಿರಿ, ಆಮೇಲೆ ಒಮ್ಮೆ ಪರೀಕ್ಷಿಸಿ: ರ‍್ಯಾಚೆಟ್ ಬೆಲ್ಟಿನಿಂದ ಹಿಂಭಾಗವನ್ನು ಕೆಳಕ್ಕೆ ಎಳೆದು ಆ ಮೂರನ್ನೂ ಒಂದು ಗೆರೆಗೆ ತಂದಾಗಲೂ ಚೈನ್ ಸುಮಾರು 10 ಮಿ.ಮೀ. ಆಡಬೇಕು. ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲೇ ಅಳೆಯಿರಿ. ಆಕ್ಸಲ್ ನಟ್ ಬಿಗಿಯುವಾಗ ಹಿಂದಿನ ಸ್ಪ್ರಾಕೆಟ್ಟಿಗೂ ಚೈನಿಗೂ ನಡುವೆ ಮಡಿಸಿದ ಬಟ್ಟೆ ಸಿಕ್ಕಿಸಿ ಚಕ್ರವನ್ನು ತುಸು ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ (ಬಿಗಿ ಸಡಿಲ ಮಾಡುವ ಬೋಲ್ಟಿಗೆ) ಒತ್ತಿ ಕೂರುತ್ತದೆ, ಸರಿಮಾಡಿದ್ದು ಕದಲುವುದಿಲ್ಲ. ಸ್ವಿಂಗ್‌ಆರ್ಮಿನ ಗುರುತುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಪಿವಟ್ಟಿನ ನಡುವಿನಿಂದ ಆಕ್ಸಲಿನ ನಡುವಿಗೆ ಎರಡೂ ಕಡೆ ಟೇಪಿನಲ್ಲಿ ಅಳೆಯುತ್ತೇನೆ.

ಸವೆತ ತಿಳಿಯಲು ಚೈನನ್ನು ಎಳೆದು ಹಿಡಿದು 1ನೇ ಪಿನ್ನಿನಿಂದ 21ನೇ ಪಿನ್ನಿಗೆ ಅಳೆಯಿರಿ. 428 ಅಳತೆಯ ಚೈನ್ (ಅಳತೆಯ ಸಂಖ್ಯೆ ಚೈನಿನ ಮೇಲೇ ಇರುತ್ತದೆ) ಹೊಸದಿದ್ದಾಗ 254 ಮಿ.ಮೀ., 259 ಆದರೆ ಬದಲಿಸಬೇಕು. 520 ಆದರೆ 317.5, ಮಿತಿ 323. ಬದಲಿಸುವಾಗ ಎರಡೂ ಸ್ಪ್ರಾಕೆಟ್ ಸೇರಿ ಪೂರ್ತಿ ಕಿಟ್ಟನ್ನೇ ಹಾಕಿ. ಕೊಕ್ಕೆಯಂತೆ ಬಾಗಿದ ಹಳೆ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ.

ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚುವವರು ಕಡಿಮೆ. ಒಳಗೆ ಗಟ್ಟಿಯಾದ ಕೆಸರು ಆಯಿಲ್ ಸೀಲಿಗೆ ಉಜ್ಜುತ್ತಲೇ ಇರುತ್ತದೆ, ಕೆರೆದು ತೆಗೆಯಿರಿ. ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳು ಬಿಗಿಯಾಗಿವೆಯೇ, ಸ್ವಿಂಗ್‌ಆರ್ಮಿಗೆ ಚೈನ್ ತಗುಲದಂತೆ ಮೇಲೆ ಇರುವ ಸ್ಲೈಡರ್ ಸವೆದಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಕಾಡಿಗೆ ಹೋಗುವಾಗ ಅದೇ ಚೈನಿಗೆ ಹೊಂದುವ ಕ್ಲಿಪ್ ಲಿಂಕ್ (ಹರಿದ ಚೈನನ್ನು ಜೋಡಿಸುವ ಕೊಂಡಿ) ಒಂದು, ಚಿಕ್ಕ ಚೈನ್ ಬ್ರೇಕರ್ (ಪಿನ್ ಹೊರತೆಗೆಯುವ ಸಾಧನ) ಒಂದು ಜೊತೆಗಿರಲಿ. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ಹಾಕಿದ ಮೇಲೆ ಒಂದು ಚಿಟಿಕೆ ಸಿಲಿಕಾನ್ ಸೀಲೆಂಟ್ ಮೆತ್ತಿದರೆ ಕಲ್ಲು ಕೊಂಬೆ ತಗುಲಿ ಕ್ಲಿಪ್ ಹಾರುವುದು ಬಹಳಮಟ್ಟಿಗೆ ತಪ್ಪುತ್ತದೆ.