ಆ ಕಡೆ ಫೋನ್ ಇಟ್ಟರೂ ಈ ಕಡೆ ಕಾಲ್ ಮುಗಿಯಲಿಲ್ಲ ಯಾಕೆ?

ಪೀಣ್ಯದಲ್ಲಿ ಒಬ್ಬ ಬಿಡಿಭಾಗಗಳ ಡೀಲರ್ ಇದ್ದಾರೆ. ಅವರ ಆಫೀಸಿನ ಫೋನ್ ಸರ್ವರ್ ನೋಡಿಕೊಳ್ಳಲು ನನ್ನನ್ನು ಕರೆದಾಗ ಎರಡು ತಕರಾರು ಇದ್ದವು. ಹೊರಗಿನಿಂದ ಬಂದ ಕಾಲ್ ಅರ್ಧ ನಿಮಿಷಕ್ಕೆಲ್ಲ ಕಟ್. ಇವರೇ ಮಾಡಿದ ಕಾಲ್ ಮಾತ್ರ, ಗಿರಾಕಿ ಫೋನ್ ಇಟ್ಟ ಮೇಲೂ ಸರ್ವರ್‌ನಲ್ಲಿ ಓಡುತ್ತಲೇ ಇರುತ್ತಿತ್ತು. ಹೋಲ್ಡ್‌ನಲ್ಲಿಟ್ಟ ಕಾಲ್ ಆದರಂತೂ, ಯಾರೂ ಇಲ್ಲದ ಲೈನಿಗೆ ಹಾಡು ಕೇಳಿಸುತ್ತಾ ಕೂತಿರುತ್ತಿತ್ತು. ಎರಡೂ ಬೇರೆ ಬೇರೆ ಕಾಯಿಲೆ ಅನ್ನಿಸುತ್ತೆ, ಅಲ್ವಾ?

ಸರ್ವರ್‌ನಲ್ಲಿದ್ದದ್ದು ಆಸ್ಟರಿಸ್ಕ್, ಅಂದರೆ ಆಫೀಸಿನ ಕಾಲ್‌ಗಳನ್ನು ನಡೆಸುವ ಸಾಫ್ಟ್‌ವೇರ್. ರೂಟರ್ ಹಿಂದೆ 192.168.1.10 ವಿಳಾಸದಲ್ಲಿ ಕೂತಿತ್ತು. ಮೊದಲು ಕಾಲ್ ರೆಕಾರ್ಡ್ ತೆಗೆದು ನೋಡಿದೆ. ಹೊರಗೆ ಹೋದ ಕಾಲ್‌ಗಳಲ್ಲಿ ಹಲವು ಸರಿಯಾಗಿ 15 ನಿಮಿಷಕ್ಕೆ ಮುಗಿದಿದ್ದವು. ಟ್ರಂಕ್ (ಹೊರಗಿನ ಫೋನ್ ಲೈನ್) ಕೊಡುವ ಕಂಪನಿಯ ಬಿಲ್‌ನಲ್ಲಿ ಅದೇ ಕಾಲ್‌ಗಳು ಎರಡು ಮೂರು ನಿಮಿಷ ಅಷ್ಟೇ. ಮನುಷ್ಯರು ಹೀಗೆ ಗಡಿಯಾರ ಇಟ್ಟುಕೊಂಡು ಮಾತಾಡುವುದಿಲ್ಲ. ಇದು ಯಾವುದೋ ಟೈಮರ್ ಕೆಲಸ.

ಇಂಟರ್ನೆಟ್‌ನಲ್ಲಿ ಕಾಲ್ ಶುರುಮಾಡಿ ಮುಗಿಸುವ ಸಂದೇಶಗಳ ಪದ್ಧತಿಗೆ ಸಿಪ್ (SIP) ಅಂತ ಹೆಸರು. ಅದರಲ್ಲಿ ಕಾಲ್ ಮುಗಿಸಲು ಎರಡು ದಾರಿ. ಇನ್ನೂ ರಿಂಗ್ ಆಗುತ್ತಿರುವಾಗಲೇ ಬೇಡ ಅಂದರೆ ಕ್ಯಾನ್ಸಲ್ ಅನ್ನುವ ಸಂದೇಶ. ಆಗ ಆ ಕಡೆಯಿಂದ 487, ಅಂದರೆ ಕಾಲ್ ನಿಲ್ಲಿಸಿದೆ, ಅಂತ ಉತ್ತರ ಬರುತ್ತದೆ. ಎತ್ತಿ ಮಾತಾಡಿದ ಮೇಲೆ ಇಡುವುದಾದರೆ ಬೈ (BYE) ಅನ್ನುವ ಸಂದೇಶ. ಕ್ಯಾನ್ಸಲ್, ಕಾಲ್ ಶುರುಮಾಡುವ ಇನ್ವೈಟ್ ಸಂದೇಶ ಹೋದ ದಾರಿಯಲ್ಲೇ ಹಿಂದೆ ಹಿಂದೆ ಹೋಗುತ್ತದೆ. ಬೈ ಹಾಗಲ್ಲ. ಎದುರಿನವರು ತಮ್ಮ ಸಂದೇಶದ ಕಾಂಟ್ಯಾಕ್ಟ್ ಹೆಡರ್ ಅನ್ನುವ ಸಾಲಿನಲ್ಲಿ ಯಾವ ವಿಳಾಸ ಕೊಟ್ಟಿದ್ದಾರೋ ಅದನ್ನು ಹುಡುಕಿಕೊಂಡು ಹೋಗುತ್ತದೆ. ಇಲ್ಲೂ ರಿಂಗ್ ಆಗುವಾಗಲೇ ಇಟ್ಟ ಕಾಲ್‌ಗಳಲ್ಲಿ ಒಂದು ಚೂರೂ ತೊಂದರೆ ಇರಲಿಲ್ಲ. ನನಗೆ ಸುಳಿವು ಸಿಕ್ಕಿದ್ದೇ ಅಲ್ಲಿ.

ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಹಾಕಿ ಒಂದು ಒಳಬರುವ ಕಾಲ್ ಹಿಡಿದೆ. ಇನ್ವೈಟ್ ಬಂತು, ನಮ್ಮ ಸರ್ವರ್ 200 ಓಕೆ (ಕಾಲ್ ಎತ್ತಿದ್ದೇವೆ ಅಂತ) ಕಳಿಸಿತು. ಅದು ತಲುಪಿತು ಅಂತ ಹೇಳುವ ಆಕ್ ಬರಲೇ ಇಲ್ಲ. ಅರ್ಧ ಸೆಕೆಂಡ್ ಬಿಟ್ಟು ಅದೇ 200 ಓಕೆ, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡ್ ಅಂತರದಲ್ಲಿ ಮತ್ತೆ ಮತ್ತೆ. 32 ಸೆಕೆಂಡ್ ಆದ ಮೇಲೆ ಸರ್ವರ್ ಕೈಚೆಲ್ಲಿ ತಾನೇ ಬೈ ಕಳಿಸಿತು. ಈ 32 ಎಲ್ಲಿಂದ ಬಂತು ಅಂದರೆ, ಸಿಪ್‌ನ ನಿಯಮಗಳಿರುವ 2002ರ ಆರ್‌ಎಫ್‌ಸಿ 3261ರಲ್ಲಿ ಟಿ1 ಅನ್ನುವ ಟೈಮರ್ ಅರ್ಧ ಸೆಕೆಂಡ್, ಅದರ 64 ಪಟ್ಟು. 32 ಸೆಕೆಂಡಿಗೆ ಕಾಲ್ ಕಟ್ ಆಗುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಈಗ ನೆಟ್‌ವರ್ಕ್ ಸ್ಪೀಡ್ ನೋಡಲು ಹೋಗುವುದೇ ಇಲ್ಲ. ಮೊದಲು ಕಾಂಟ್ಯಾಕ್ಟ್ ಹೆಡರ್ ನೋಡುತ್ತೇನೆ.

ಆ 200 ಓಕೆ ಬಿಚ್ಚಿದರೆ ಕಾಂಟ್ಯಾಕ್ಟ್‌ನಲ್ಲಿ 192.168.1.10! ಇದು ಆಫೀಸಿನ ಒಳಗಿನ ವಿಳಾಸ. ಆಕ್ ಕೂಡ ಕಾಂಟ್ಯಾಕ್ಟ್‌ನ ವಿಳಾಸಕ್ಕೇ ಹೋಗುವುದು, ಹೊರಗಿನವರು ಇಲ್ಲಿಗೆ ಕಳಿಸಿದರೆ ತಲುಪುವುದು ಎಲ್ಲಿಗೆ? ನಾವು ಕಾಲ್ ಮಾಡಿದಾಗಲೂ ಇನ್ವೈಟ್‌ನಲ್ಲಿ ಇದೇ ವಿಳಾಸ. ಟ್ರಂಕ್ ಕಂಪನಿಯವರಿಂದ ಅವರ ಕಡೆಯ ಟ್ರೇಸ್, ಅಂದರೆ ಸಂದೇಶಗಳ ದಾಖಲೆ, ತರಿಸಿದೆ. ಗಿರಾಕಿ ಫೋನ್ ಇಟ್ಟ ತಕ್ಷಣ ಅವರು ಬೈ ಕಳಿಸಿದ್ದರು, ಉತ್ತರ ಬಾರದೆ ಒಟ್ಟು 11 ಸಲ. ಹನ್ನೊಂದೂ 192.168.1.10ಕ್ಕೇ.

15 ನಿಮಿಷದ ಲೆಕ್ಕವೂ ಆಗ ಬಗೆಹರಿಯಿತು. ಸೆಷನ್ ಟೈಮರ್ 1800 ಸೆಕೆಂಡ್. ಅದರ ಅರ್ಧಕ್ಕೆ, ಅಂದರೆ 900 ಸೆಕೆಂಡಿಗೆ, ಸರ್ವರ್ ಇನ್ನೊಂದು ಇನ್ವೈಟ್ ಕಳಿಸಿ 'ಇದ್ದೀರಾ?' ಅಂತ ಕೇಳುತ್ತದೆ. ಆ ಕಡೆಯಿಂದ 481, ಅಂಥ ಕಾಲ್ ಇಲ್ಲ ಅಂತ. ಆಮೇಲೆ ನಮ್ಮ ಸರ್ವರ್ ಲೈನ್ ಬಿಡುತ್ತಿತ್ತು.

ರಿಪೇರಿ ಚಿಕ್ಕದು. ಆಸ್ಟರಿಸ್ಕ್‌ನ ಸಿಪ್ ಭಾಗವಾದ ಪಿಜೆಸಿಪ್‌ನ ಟ್ರಾನ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್, ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್ ಎರಡಕ್ಕೂ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ವಿಳಾಸ) ಕೊಟ್ಟು, ಲೋಕಲ್ ನೆಟ್‌ನಲ್ಲಿ ಒಳಗಿನ ನೆಟ್‌ವರ್ಕ್ ಬರೆದೆ. ರೂಟರ್‌ನ ಸಿಪ್ ಎಎಲ್‌ಜಿ ಅನ್ನುವ ಸೌಲಭ್ಯ ಆಫ್ ಮಾಡಿದೆ, ಅದು ಸುಮ್ನೆ ಹೆಡರ್‌ಗಳಲ್ಲಿ ಕೈಯಾಡಿಸುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಪೋರ್ಟ್ ಬದಲಾವಣೆಗೆ ಬರೀ ರಿಲೋಡ್ ಸಾಲದು, ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಬೈ ದಾರಿಯಲ್ಲಿ ಕಳೆದುಹೋಗುವುದು ಆಮೇಲೂ ಇದ್ದದ್ದೇ, ಆ ಕಡೆ ಕರೆಂಟ್ ಹೋದರೂ ಸಾಕು. ಅದಕ್ಕೇ ಟ್ರಂಕ್‌ಗೆ ಆರ್‌ಟಿಪಿ ಟೈಮ್‌ಔಟ್ ಕೂಡ ಹಾಕಿದೆ. ಇಷ್ಟು ಹೊತ್ತು ದನಿಯ ಪ್ಯಾಕೆಟ್ ಬರದಿದ್ದರೆ ಲೈನ್ ಬಿಡು ಅಂತ. 30 ಸೆಕೆಂಡ್ ಇಡಬಹುದಿತ್ತು. ಆದರೆ ಮಾತಿಲ್ಲದಾಗ ಪ್ಯಾಕೆಟ್ ಕಳಿಸುವುದನ್ನೇ ನಿಲ್ಲಿಸುವ ಫೋನ್‌ಗಳಿವೆ. ಆ ಕಡೆ ಸ್ಟಾಕ್ ನೋಡಲು ಗೋಡೌನಿಗೆ ಹೋದ ಗಿರಾಕಿಯ ಕಾಲ್ ಕಟ್ ಆಗಬಾರದಲ್ಲ, 120 ಇಟ್ಟೆ.