ಬಿಸಿಗಾಳಿಯ ದಿನಗಳಲ್ಲಿ ಮನೆಮಂದಿಯನ್ನು ಕಾಪಾಡುವುದು ಹೇಗೆ?

2021ರ ಜೂನ್ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲಿಟನ್ ಎಂಬ ಸಣ್ಣ ಊರಿನಲ್ಲಿ ಉಷ್ಣಾಂಶ 49.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಬಿಸಿಗಾಳಿಗೆ ಪ್ರಾಂತ್ಯದಲ್ಲಿ 619 ಜನ ಬಲಿಯಾದರು ಎಂದು ಅಲ್ಲಿನ ಅಧಿಕೃತ ತನಿಖೆ ಕಂಡುಕೊಂಡಿತು. ಸತ್ತವರಲ್ಲಿ ಶೇ 98ರಷ್ಟು ಮಂದಿ ಬಿಸಿಲಿನಲ್ಲಿ ನಿಂತವರಲ್ಲ, ಕಟ್ಟಡದ ಒಳಗಿದ್ದವರು. ಅರ್ಧಕ್ಕಿಂತ ಹೆಚ್ಚಿನವರು ಒಂಟಿಯಾಗಿ ಬದುಕುತ್ತಿದ್ದವರು. ಮೂರರಲ್ಲಿ ಇಬ್ಬರು 70 ವರ್ಷ ದಾಟಿದವರು.

'ಹೊರಗೆ ಹೋಗಬೇಡಿ, ಮನೆಯಲ್ಲೇ ಇರಿ' ಎಂಬ ಸಲಹೆ ಅರ್ಧ ಮಾತ್ರ ಸರಿ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಗೋಡೆ ಮತ್ತು ತಾರಸಿ ಹಗಲಿಡೀ ಬಿಸಿಲು ಹೀರಿಕೊಂಡು, ರಾತ್ರಿ ಅದನ್ನು ಒಳಗೆ ಬಿಡುತ್ತವೆ. ಎರಡನೆಯ ದಿನದ ಶಾಖ ಮೊದಲ ದಿನದ ಮೇಲೆ ಕೂರುತ್ತದೆ, ಮೂರನೆಯದು ಅದರ ಮೇಲೆ. ದೇಹಕ್ಕೂ ಹಾಗೆಯೇ: ಹಗಲು ಬಳಲಿದ ಹೃದಯ ರಾತ್ರಿ ಚೇತರಿಸಿಕೊಳ್ಳದಿದ್ದರೆ ಮರುದಿನ ದಣಿದೇ ಏಳುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳೆಲ್ಲದರ ಗುರಿ ಒಂದೇ, ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ ಕೆಲವು ಗಂಟೆಯಾದರೂ ನಿಜವಾದ ತಂಪು ಸಿಗಬೇಕು.

ಹೆಜ್ಜೆ 1: ಕೋಣೆಯ ಉಷ್ಣಾಂಶ ಅಳೆಯಿರಿ

ಮೊಬೈಲಿನಲ್ಲಿ ಕಾಣುವುದು ಹೊರಗಿನ ಉಷ್ಣಾಂಶ. ನಿಮ್ಮ ಮಲಗುವ ಕೋಣೆ ಎಷ್ಟು ಬಿಸಿಯಾಗಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಗೋಡೆಗೆ ತೂಗುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದನ್ನು ತನ್ನಿ. ತೇವಾಂಶವನ್ನೂ ತೋರಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಿಗ್ಗೆ, ನಡುಮಧ್ಯಾಹ್ನ, ಮಲಗುವ ಮುನ್ನ ಒಂದೊಂದು ಕೋಣೆಯಲ್ಲಿಟ್ಟು ನೋಡಿ ಬರೆದಿಡಿ. ಯಾವ ಕೋಣೆ ಎಷ್ಟು ಹೊತ್ತಿಗೆ ಕಾಯುತ್ತದೆ ಎಂಬುದು ಎರಡೇ ದಿನಗಳಲ್ಲಿ ತಿಳಿದುಬಿಡುತ್ತದೆ. ಮೇಲಂತಸ್ತಿನ, ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಗಳು ಸಾಮಾನ್ಯವಾಗಿ ಅತಿ ಬಿಸಿ.

ಒಳಗಿನ ಉಷ್ಣಾಂಶ ಹಗಲು 32 ಡಿಗ್ರಿಗಿಂತ, ರಾತ್ರಿ 24 ಡಿಗ್ರಿಗಿಂತ ಕೆಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್ಲ ಮನೆಗಳಲ್ಲಿ ಇದು ಆಗುವ ಮಾತಲ್ಲ, ನಿಜ. ಆದರೆ ಇಡೀ ಮನೆಯನ್ನು ತಂಪಾಗಿಸಬೇಕೆಂಬ ಹಟವನ್ನು ಬಿಟ್ಟು ಒಂದೇ ಒಂದು ಕೋಣೆಯನ್ನು ಆರಿಸಿಕೊಂಡರೆ ಕೆಲಸ ಬಹಳ ಹಗುರವಾಗುತ್ತದೆ. ಕೆಳ ಅಂತಸ್ತಿನ, ಬಿಸಿಲು ನೇರವಾಗಿ ಬೀಳದ ಕೋಣೆ ಅದಕ್ಕೆ ಸೂಕ್ತ. ಬಿಸಿಗಾಳಿ ಮುಗಿಯುವವರೆಗೆ ಊಟ, ಓದು, ನಿದ್ದೆ ಎಲ್ಲವೂ ಅಲ್ಲೇ ಆಗಲಿ. ಇಕ್ಕಟ್ಟಾಗುತ್ತದೆ, ಮಕ್ಕಳು ಜಗಳವಾಡುತ್ತಾರೆ. ಸಹಿಸಿಕೊಳ್ಳಬೇಕು.

ಹೆಜ್ಜೆ 2: ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ

ಒಳಗಿನ ಪರದೆ ಎಷ್ಟೇ ದಪ್ಪವಿದ್ದರೂ ಬಿಸಿಲು ಗಾಜನ್ನು ದಾಟಿದ ಮೇಲೆಯೇ ಅದನ್ನು ತಾಕುವುದು. ಆ ಹೊತ್ತಿಗೆ ಶಾಖ ಕೋಣೆಯೊಳಗೆ ಬಂದಾಗಿರುತ್ತದೆ. ಅದೇ ಪರದೆಯನ್ನು ಕಿಟಕಿಯ ಹೊರಗೆ ಕಟ್ಟಿದರೆ ಹೆಚ್ಚಿನ ಪಾಲು ಹೊರಗೇ ಉಳಿಯುತ್ತದೆ. ಚಾಪೆ, ತಿಳಿಬಣ್ಣದ ಹಳೆಯ ಬೆಡ್‌ಶೀಟ್, ನೆರಳು ಬಲೆ, ಬಿದಿರಿನ ತಟ್ಟಿ, ಏನಾದರೂ ಆದೀತು. ಬಟ್ಟೆಗೂ ಗಾಜಿಗೂ ನಡುವೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ. ಪೂರ್ವದ ಕಿಟಕಿಗಳನ್ನು ಬೆಳಗಾಗುವ ಮೊದಲೇ, ಪಶ್ಚಿಮದವನ್ನು ಮಧ್ಯಾಹ್ನಕ್ಕೆ ಮುಂಚೆಯೇ ಮುಚ್ಚಿ.

ಕಿಟಕಿ ತೆರೆಯುವ ವಿಷಯದಲ್ಲಿ ಮನೆಗಳಲ್ಲಿ ವಾದವೇ ನಡೆಯುತ್ತದೆ. ಇದಕ್ಕೆ ಥರ್ಮಾಮೀಟರೇ ತೀರ್ಪು ಕೊಡಲಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿದ್ದರೆ ಮುಚ್ಚಿ, ತಂಪಾಗಿದ್ದರೆ ತೆರೆಯಿರಿ. ಸಾಮಾನ್ಯವಾಗಿ ಬೆಳಿಗ್ಗೆ ಬಿಸಿಲೇರಿದ ಸ್ವಲ್ಪ ಹೊತ್ತಿಗೆ ಮುಚ್ಚಿ, ಕತ್ತಲಾದ ಮೇಲೆ ತೆರೆಯಬೇಕಾಗುತ್ತದೆ. ತೆರೆಯುವಾಗ ಎದುರುಬದುರಿನ ಎರಡನ್ನು ಒಟ್ಟಿಗೆ ತೆರೆಯಿರಿ, ಒಂದೇ ಕಿಟಕಿಯಿಂದ ಗಾಳಿ ಹರಿಯದು. ಮಹಡಿ ಮನೆಯಾದರೆ ಕೆಳಗೊಂದು, ಮೇಲೊಂದು ತೆರೆದಾಗ ಬಿಸಿಗಾಳಿ ತಾನಾಗಿಯೇ ಮೇಲಿನಿಂದ ಹೊರಹೋಗಿ ಕೆಳಗಿನಿಂದ ತಂಪು ಒಳಬರುತ್ತದೆ. ಆದರೆ ಹೊರಗಿಗಿಂತ ಒಳಗೇ ಬಿಸಿ ಹೆಚ್ಚಿದ್ದರೆ ಹಗಲಿನಲ್ಲೂ ಮುಚ್ಚಿಕೊಂಡು ಕೂರಬೇಡಿ. ತಗಡಿನ ಚಾವಣಿಯ ಮನೆಗಳಲ್ಲಿ ಹೀಗಾಗುವುದು ಸಾಮಾನ್ಯ.

ಮನೆಯೊಳಗೇ ಹುಟ್ಟುವ ಶಾಖವೂ ಇದೆ. ಒಲೆಯ ಕೆಲಸ ಬೆಳಿಗ್ಗೆ ಬೇಗ ಮುಗಿಯಲಿ. ಕುದಿಯುವ ಪಾತ್ರೆ ಶಾಖದ ಜೊತೆಗೆ ತೇವವನ್ನೂ ಸೇರಿಸುತ್ತದೆ, ಹಾಗಾಗಿ ಮುಚ್ಚಳ ಹಾಕಿ. ಫ್ರಿಜ್ ಬಾಗಿಲು ತೆರೆದಿಟ್ಟು ಎದುರಿಗೆ ಕೂರುವುದರಿಂದ ಕೋಣೆ ತಂಪಾಗದು, ಇನ್ನಷ್ಟು ಬಿಸಿಯಾಗುತ್ತದೆ. ಒಳಗಿನಿಂದ ತೆಗೆದ ಶಾಖವನ್ನು ಅದು ಹಿಂಬದಿಯಿಂದ ಅದೇ ಕೋಣೆಗೆ ಬಿಡುತ್ತಿರುತ್ತದೆ.

ಹೆಜ್ಜೆ 3: ಫ್ಯಾನಿನ ಮಿತಿ ತಿಳಿದಿರಲಿ

ಈ ಹೆಜ್ಜೆಯ ಬಗ್ಗೆ ತುಸು ಹೆಚ್ಚೇ ಬರೆಯಬೇಕು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು ನಷ್ಟವೇ ಹೊರತು ತಂಪಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿರುವಾಗ ಬೆವರು ಆರುವುದೇ ಇಲ್ಲ. ಆಗ 34 ಡಿಗ್ರಿಯೂ ಒಣಹವೆಯ 40 ಡಿಗ್ರಿಗಿಂತ ಕ್ರೂರವಾಗಬಲ್ಲದು.

ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದರೆ ಫ್ಯಾನ್ ಬಿಸಿಯನ್ನೇ ಮೈಗೆ ತಂದು ಹೊಯ್ಯುತ್ತದೆ. ಚೆನ್ನಾಗಿ ಬೆವರುವ ಗಟ್ಟಿಮುಟ್ಟಾದವರಿಗೆ ಆಗಲೂ ಸ್ವಲ್ಪ ಲಾಭವಿದ್ದೀತು, ಬೆವರುವುದು ಕಡಿಮೆಯಾಗಿರುವ ವೃದ್ಧರಿಗೆ ಇರುವುದಿಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನ್ ಬಳಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ಸುಲಭದ ಉಪಾಯವೆಂದರೆ ಬೆವರಿನ ಕೆಲಸವನ್ನು ನೀರಿನಿಂದ ಮಾಡಿಸುವುದು. ತೋಳು, ಕುತ್ತಿಗೆ, ಮುಖ, ಕಾಲುಗಳನ್ನು ಸ್ಪಂಜಿನಿಂದಲೋ ಒದ್ದೆ ಬಟ್ಟೆಯಿಂದಲೋ ಆಗಾಗ ಒದ್ದೆ ಮಾಡುತ್ತಿರಿ. ತೆಳು ಅಂಗಿಯನ್ನು ನೆನೆಸಿ ಹಿಂಡಿ ತೊಟ್ಟರೂ ಆಯಿತು. ಮೊಣಕೈವರೆಗೆ ತೋಳುಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಕೂರುವುದಂತೂ ಕರೆಂಟ್ ಕೇಳದ ಒಳ್ಳೆಯ ವಿಧಾನ.

ನೀರು ಆವಿಯಾಗಿಸುವ ಏರ್ ಕೂಲರ್ ಒಣಹವೆಗೆ ಹೇಳಿಮಾಡಿಸಿದ ಯಂತ್ರ. ಅದನ್ನು ಬಳಸುವಾಗ ಕಿಟಕಿ ತುಸು ತೆರೆದಿರಬೇಕು, ಇಲ್ಲವಾದರೆ ಕೋಣೆಯಲ್ಲಿ ತೇವ ತುಂಬಿ ಸೆಕೆ ಹೆಚ್ಚುತ್ತದೆ. ಎಸಿ ಇದ್ದವರು 18ಕ್ಕೋ 20ಕ್ಕೋ ಇಳಿಸಬೇಕಾಗಿಲ್ಲ. 27 ಡಿಗ್ರಿಗಿಟ್ಟು ಜೊತೆಗೆ ಫ್ಯಾನ್ ಹಾಕಿದರೆ ಇನ್ನೂ 4 ಡಿಗ್ರಿ ಕಡಿಮೆಯಾದಂತೆ ಅನುಭವವಾಗುತ್ತದೆ, ವಿದ್ಯುತ್ ಕೂಡ ಬಹಳ ಉಳಿಯುತ್ತದೆ.

ಹೆಜ್ಜೆ 4: ನೀರು ಬಾಯಾರಿಕೆಗೆ ಮುಂಚೆ

ಒಮ್ಮೆಲೇ ಗಟಗಟ ಕುಡಿಯುವುದಕ್ಕಿಂತ ಗಂಟೆಗೊಂದು ಲೋಟದಂತೆ ಕುಡಿಯುವುದು ಉತ್ತಮ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ಕುಡಿದಿದ್ದೀರಿ ಎಂದು ಅರ್ಥ, ಕಡುಬಣ್ಣವಾಗಿದ್ದರೆ ಸಾಲದು. ಗಂಟೆಗೆ ಒಂದೂವರೆ ಲೀಟರ್ ಮುಟ್ಟುವಷ್ಟು ಕುಡಿಯುವುದೂ ಅಪಾಯವೇ, ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ವಿಪರೀತ ಬೆವರಿದವರಿಗೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆ ತಪ್ಪಬಾರದು, ಮುಖ್ಯವಾಗಿ ಉಪ್ಪು ಹೆಚ್ಚಾಗಬಾರದು. ಮದ್ಯವಂತೂ ಈ ದಿನಗಳಲ್ಲಿ ಬೇಡವೇ ಬೇಡ.

ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರು ಮಿತಿಗೊಳಿಸಿಕೊಂಡವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಲಿ.

ಹೆಜ್ಜೆ 5: ಯಾರನ್ನು ಯಾರು ನೋಡಿಕೊಳ್ಳುತ್ತೀರಿ?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಎಸಿ, ಕೂಲರ್‌ಗಳ ಲೆಕ್ಕಾಚಾರದಲ್ಲಿ ನಾವು ಇದನ್ನೇ ಮರೆಯುತ್ತೇವೆ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಸೆಕೆಯ ಅರಿವೂ ಅಷ್ಟೆ. 'ನನಗೇನೂ ಆಗಿಲ್ಲ, ನೀರು ಬೇಡ' ಎಂದು ಅಜ್ಜಿ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತಿರುತ್ತದೆ. ಹಾಗಾಗಿ ಕೇಳಬೇಡಿ, ಲೋಟವನ್ನು ಕೈಗೆ ಕೊಟ್ಟು ಕುಡಿಯುವವರೆಗೆ ಪಕ್ಕದಲ್ಲಿ ಕುಳಿತುಕೊಳ್ಳಿ. ರಾತ್ರಿ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಬಿಡುವ ಹಿರಿಯರಿದ್ದಾರೆ. ದಾರಿಯಲ್ಲಿ ಒಂದು ದೀಪ ಉರಿಸಿಡಿ, ಎಬ್ಬಿಸಿ ಕರೆದೊಯ್ಯುವ ಭರವಸೆ ಕೊಡಿ. ಬೇರೆ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ದಿನಕ್ಕೆ ಎರಡು ಬಾರಿಯಾದರೂ ಯಾರಾದರೂ ಖುದ್ದಾಗಿ ಹೋಗಿ ನೋಡಬೇಕು. ಫೋನಿನಲ್ಲಿ ಕೇಳುವ ದನಿಯಿಂದ ಕೋಣೆಯ ಬಿಸಿ ತಿಳಿಯುವುದಿಲ್ಲ.

ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬೇಡಿ, ಎದೆಹಾಲನ್ನೇ ಹೆಚ್ಚು ಬಾರಿ ಕೊಡಿ. ತಾಯಿಗೆ ಮಾತ್ರ ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ. ತೊಟ್ಟಿಲು, ತಳ್ಳುಗಾಡಿಯ ಮೇಲೆ ಒಣಬಟ್ಟೆ ಹೊದಿಸಿದರೆ ನೆರಳಾಯಿತೆಂದು ಕಂಡರೂ ಒಳಗೆ ಗಾಳಿಯಾಡದೆ ಬಿಸಿ ಏರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಬಿಡಬಾರದು. ಹತ್ತೇ ನಿಮಿಷಗಳಲ್ಲಿ ಒಳಗಿನ ಉಷ್ಣಾಂಶ ಸುಮಾರು 10 ಡಿಗ್ರಿ ಏರಬಲ್ಲದು. ಗರ್ಭಿಣಿಯರಿಗೂ ಹೆಚ್ಚಿನ ವಿಶ್ರಾಂತಿ ಬೇಕು.

ಔಷಧಿಗಳ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಮೂತ್ರ ಹೆಚ್ಚಿಸುವ ಮಾತ್ರೆಗಳು, ಕೆಲವು ರಕ್ತದೊತ್ತಡದ ಮಾತ್ರೆಗಳು, ಕೆಲವು ಮನೋರೋಗದ ಔಷಧಿಗಳು ದೇಹ ಶಾಖವನ್ನು ತಡೆದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರೊಂದಿಗೆ ಮಾತನಾಡಿ. ಇನ್ಸುಲಿನ್ ಬಿಸಿಗೆ ಕೆಡುತ್ತದೆ, ಅದರ ಜಾಗವನ್ನು ಮೊದಲೇ ಗೊತ್ತುಮಾಡಿ.

ಹೆಜ್ಜೆ 6: ರಾತ್ರಿಗಾಗಿ ಸಿದ್ಧತೆ

ಕತ್ತಲಾಗಿ ಹೊರಗೆ ತಂಪಾದ ಕೂಡಲೇ ಕಿಟಕಿಗಳನ್ನು ತೆರೆದು, ಒಂದು ಫ್ಯಾನನ್ನು ಕಿಟಕಿಯ ಬಳಿ ಹೊರಮುಖವಾಗಿ ಇಡಿ. ಅದು ಒಳಗಿನ ಬಿಸಿಯನ್ನು ತಳ್ಳಿದಾಗ ಎದುರು ಕಿಟಕಿಯಿಂದ ತಂಪು ಬರುತ್ತದೆ. ಮಲಗುವ ಮುನ್ನ ಉಗುರುಬೆಚ್ಚಗಿಂತ ತುಸು ತಣ್ಣಗಿನ ನೀರಿನಲ್ಲಿ ಸ್ನಾನ ಮಾಡಿ, ಮೈ ಪೂರ್ತಿ ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ದಪ್ಪ ಹಾಸಿಗೆ ಬೆನ್ನಿನ ಶಾಖವನ್ನು ಹಿಡಿದಿಡುತ್ತದೆ, ತೆಳು ಹತ್ತಿಯ ಹಾಸು ಸಾಕು. ತಾರಸಿಯ ಕೆಳಗಿನ ಕೋಣೆಯಲ್ಲಿ ಈ ದಿನಗಳಲ್ಲಿ ಯಾರೂ ಮಲಗದಿರುವುದೇ ಲೇಸು.

ಕರೆಂಟ್ ಹೋಗಬಹುದು ಎಂದುಕೊಂಡೇ ಇರಿ. ಮೊಬೈಲ್ ಚಾರ್ಜ್ ಆಗಿರಲಿ, ಬಕೆಟ್ಟುಗಳು ತುಂಬಿರಲಿ, ಫ್ರೀಜರಿನಲ್ಲಿ ನೀರಿನ ಬಾಟಲಿಗಳು ಗಟ್ಟಿಯಾಗಿರಲಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಉಳಿಸಿಕೊಳ್ಳುತ್ತದೆ. ಬೇಯಿಸಿದ ಆಹಾರವನ್ನು 32 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಹೆಜ್ಜೆ 7: ಅಪಾಯದ ಗುರುತು ಎಲ್ಲರಿಗೂ ತಿಳಿದಿರಲಿ

ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ಬೆವರು, ಬಿಳಿಚಿಕೊಂಡ ಮುಖ: ಇವು ಶಾಖದ ಬಳಲಿಕೆಯ ಲಕ್ಷಣಗಳು. ತಂಪು ಜಾಗದಲ್ಲಿ ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳದಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ.

ಮಾತು ತೊದಲಿದರೆ, ಗೊಂದಲಗೊಂಡು ಅಸಂಬದ್ಧ ಮಾತನಾಡಿದರೆ, ನಡೆಯಲು ತತ್ತರಿಸಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿರಲೇಬೇಕೆಂದಿಲ್ಲ, ಬೆವರುತ್ತಿದ್ದರೂ ಶಾಖಾಘಾತ ಇರಬಹುದು. ಮಿದುಳಿನ ವರ್ತನೆ ಬದಲಾಗುವುದೇ ಖಚಿತವಾದ ಎಚ್ಚರಿಕೆ. ಒಬ್ಬರು ತುರ್ತು ಸೇವೆಗೆ ಕರೆ ಮಾಡುತ್ತಿದ್ದಂತೆಯೇ ಉಳಿದವರು ತಣಿಸಲು ತೊಡಗಬೇಕು. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬಾರದು. ಮೊದಲ ಅರ್ಧ ಗಂಟೆಯಲ್ಲಿ ಇಳಿದ ಉಷ್ಣಾಂಶವೇ ಜೀವ ಉಳಿಸುವುದು. ಹೊರಬಟ್ಟೆ ತೆಗೆದು ಸಿಕ್ಕಷ್ಟು ತಣ್ಣೀರನ್ನು ಮೈಮೇಲೆ ಸುರಿಯುತ್ತ ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಪ್ರಜ್ಞೆಯಿಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಪ್ಯಾರಾಸಿಟಮಾಲ್ ಅಥವಾ ಆಸ್ಪಿರಿನ್ ಕೊಡಬೇಡಿ. ಇದು ಸೋಂಕಿನ ಜ್ವರವಲ್ಲ, ಆ ಮಾತ್ರೆಗಳು ಇಲ್ಲಿ ಕೆಲಸ ಮಾಡುವುದಿಲ್ಲ, ಕೇಡನ್ನೂ ಮಾಡಬಹುದು.

ಹವಾಮಾನ ಇಲಾಖೆ ಎಚ್ಚರಿಕೆ ಹಿಂತೆಗೆದ ದಿನವೇ ಎಲ್ಲರನ್ನೂ ಮೇಲಿನ ಕೋಣೆಗಳಿಗೆ ಕಳುಹಿಸಬೇಡಿ. ಹೊರಗೆ ತಂಪಾದ ಮೇಲೂ ಗೋಡೆಗಳು ಒಂದೆರಡು ದಿನ ಕಾದೇ ಇರುತ್ತವೆ. ಮಲಗುವ ಕೋಣೆಯ ಥರ್ಮಾಮೀಟರ್ ರಾತ್ರಿಯ ಹೊತ್ತು ಹಿಂದಿನ ಮಾಮೂಲು ಮಟ್ಟಕ್ಕೆ ಇಳಿಯುವವರೆಗೆ ತಂಪು ಕೋಣೆಯ ವ್ಯವಸ್ಥೆಯನ್ನೂ ಹಿರಿಯರ ನೀರಿನ ಪಾಳಿಯನ್ನೂ ಮುಂದುವರಿಸಿ.